ಆರ್‌ಒ ಯಂತ್ರ ಹೊರಹಾಕುವ ನೀರನ್ನು ಬಳಸಬಹುದೇ?

ಓದುಗರ ಪ್ರಶ್ನೆ: ಬರದಿಂದಾಗಿ ನಮ್ಮ ಬಡಾವಣೆಗೆ ನೀರು ಬರುವುದೇ ಅಪರೂಪವಾಗಿದೆ. ಆದರೂ ಕುಡಿಯುವ ನೀರನ್ನು ಶುದ್ಧೀಕರಿಸುವ ಆರ್‌ಒ ಯಂತ್ರದ ಕೊಳವೆಯಿಂದ ದಿನವೂ ಬಕೆಟ್‌ಗಟ್ಟಲೆ ನೀರು ಸಿಂಕಿಗೆ ಹರಿದುಹೋಗುತ್ತದೆ. ಅದನ್ನು ಬಳಸಿದರೆ ತೊಂದರೆಯಿದೆಯೇ?

ಉತ್ತರ: ಕುಡಿಯುವುದಕ್ಕೂ ಅಡುಗೆಗೂ ಬೇಡ, ಉಳಿದ ಹಲವು ಕೆಲಸಗಳಿಗೆ ಬಳಸಬಹುದು, ಈ ಕಾಲದಲ್ಲಿ ಬಳಸಲೇಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು ಮತ್ತು ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಪಡಿಸಿತು; ಆದರೆ ಅಡುಗೆಮನೆಯೊಳಗಿನ ಈ ಸೋರಿಕೆಯನ್ನು ಮನೆಯವರೇ ತಡೆಯಬೇಕು.

ಆರ್‌ಒ ಪೊರೆಯು ಸ್ವಲ್ಪ ನೀರನ್ನು ಮಾತ್ರ ದಾಟಿಸಿ, ಲವಣಗಳನ್ನು ಉಳಿದ ನೀರಿನೊಡನೆ ಹೊರತಳ್ಳುತ್ತದೆ. ಅನೇಕ ಮನೆಯಂತ್ರಗಳಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಮೂರು ಲೀಟರ್ ಹೊರಹೋಗುವುದರಿಂದ, ದಿನಕ್ಕೆ 15 ಲೀಟರ್ ಹಿಡಿಯುವ ಮನೆಯಲ್ಲಿ 45 ಲೀಟರ್ ಚರಂಡಿ ಸೇರುತ್ತದೆ. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಲ್ಲಿ ಫ್ಲಶ್‌ಗೆಂದು ಇಟ್ಟಿರುವುದೂ 45 ಲೀಟರೇ. ಆದ್ದರಿಂದ ಕೊಳವೆಯ ತುದಿಯನ್ನು ಬಕೆಟ್ಟಿಗೆ ಬಿಟ್ಟು, ಆ ನೀರನ್ನು ಮೊದಲು ಶೌಚಾಲಯಕ್ಕೆ, ಮಿಕ್ಕಿದ್ದನ್ನು ನೆಲ ಒರೆಸಲು ಬಳಸುವುದು ಎಲ್ಲಕ್ಕಿಂತ ಸರಳವಾದ ದಾರಿ.

ಗಿಡಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಒಳಬಂದ ನೀರಿನ ನಾಲ್ಕರಲ್ಲಿ ಮೂರು ಪಾಲು ಹೊರಹಾಕುವ ಯಂತ್ರದ ನೀರಿನಲ್ಲಿ ಲವಣದ ಸಾಂದ್ರತೆ ಮೂಲ ನೀರಿಗಿಂತ ಮೂರನೇ ಒಂದರಷ್ಟು ಹೆಚ್ಚಿದ್ದರೆ, ಒಳಬಂದ ನೀರಿನ ಅರ್ಧವನ್ನಷ್ಟೇ ಹೊರಹಾಕುವ ಮಿತವ್ಯಯದ ಯಂತ್ರದ ನೀರಿನಲ್ಲಿ ಅದು ಬಹುತೇಕ ಇಮ್ಮಡಿಯಾಗಿರುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಕುಂಡದ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿ ಎಲೆಯ ಅಂಚು ಸುಡುತ್ತದೆ. ಬರದ ವರ್ಷದಲ್ಲಿ ಆ ಲವಣವನ್ನು ತೊಳೆದು ಕೆಳಗಿಳಿಸಲು ಮಳೆಯೂ ಇರುವುದಿಲ್ಲ. ಈ ನೀರನ್ನು ಸಂಪಿಗಾಗಲಿ ಇಂಗುಗುಂಡಿಗಾಗಲಿ ಸುರಿಯಬಾರದು.

ಇದಕ್ಕಿಂತ ಮುಖ್ಯವಾಗಿ, ನಿಮ್ಮ ಮನೆಗೆ ಆರ್‌ಒ ಬೇಕೇ ಎಂಬುದನ್ನು ಪರಿಶೀಲಿಸಿರಿ. ಭಾರತೀಯ ಮಾನಕದಂತೆ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂವರೆಗೆ ಇರುವುದು ಸ್ವೀಕಾರಾರ್ಹ. ಕಾವೇರಿ ನೀರು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ. ಅದನ್ನು ಸೋಸಿ ಕುದಿಸಿದರೆ ಸಾಕೆಂಬುದು ನನ್ನ ಅಭಿಪ್ರಾಯ. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಕೋಲಾರ, ಪಾವಗಡದಂಥ ಪ್ರದೇಶಗಳಿಗೆ ಈ ಮಾತು ಸಲ್ಲದು, ಏಕೆಂದರೆ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಒಟ್ಟು ಕರಗಿದ ಲವಣಾಂಶವನ್ನಷ್ಟೇ ಅಳೆಯುವ ಟಿಡಿಎಸ್ ಮೀಟರ್ ಅದನ್ನು ಪ್ರತ್ಯೇಕವಾಗಿ ತೋರಿಸುವುದೂ ಇಲ್ಲ. ಅಲ್ಲಿ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಯಂತ್ರ ನಿಲ್ಲಿಸಬೇಡಿ, ಅದು ಹೊರಹಾಕಿದ ನೀರನ್ನು ದನಕರುಗಳಿಗೂ ಕುಡಿಸಬೇಡಿ.