ಎಲ್ಲ ದಾರಿಗೂ ಒಂದೇ ಸೈಕಲ್: ಸಸ್ಪೆನ್ಷನ್ ಟ್ರಾವೆಲ್ ಎಷ್ಟಿರಬೇಕು?

ಪ್ರಶ್ನೆ: ಒಂದೇ ಒಂದು ಫುಲ್ ಸಸ್ಪೆನ್ಷನ್ ಮೌಂಟನ್ ಬೈಕ್ ಕೊಳ್ಳಬೇಕೆಂದಿದ್ದೇನೆ. ಏರು ಹತ್ತಬೇಕು, ಕಲ್ಲುಬಂಡೆಯ ಇಳಿಜಾರಿನಲ್ಲಿ ಧೈರ್ಯವಾಗಿ ಇಳಿಯಬೇಕು, ನಾಲ್ಕೈದು ತಾಸು ತುಳಿದರೂ ಕಾಲು ಸೋಲಬಾರದು. 120, 140, 160 ಮಿ.ಮೀ. ಟ್ರಾವೆಲ್‌ಗಳಲ್ಲಿ ಯಾವುದನ್ನು ಆರಿಸಲಿ? ಹೆಚ್ಚಿದ್ದಷ್ಟೂ ಒಳ್ಳೆಯದೇ ಅಲ್ಲವೇ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಹಿಂದೆ 130ರಿಂದ 140 ಮಿ.ಮೀ., ಮುಂದೆ 140ರಿಂದ 150 ಮಿ.ಮೀ. ನೀವು ಬರೆದಿರುವ ಮೂರೂ ಕೆಲಸಕ್ಕೆ ಒಗ್ಗುವ ಅಳತೆ ಇದು. ಇದಕ್ಕಿಂತ ಕಡಿಮೆಯದನ್ನೋ ಹೆಚ್ಚಿನದನ್ನೋ ಕೊಳ್ಳಬಾರದೆಂದಿಲ್ಲ, ಆದರೆ ಅದಕ್ಕೆ ನಿಮ್ಮ ದಾರಿಯಲ್ಲೇ ಕಾರಣ ಸಿಗಬೇಕು. ‘ಹೆಚ್ಚಿದ್ದಷ್ಟೂ ಒಳ್ಳೆಯದು’ ಎನ್ನುವುದು ಕಾರಣವಲ್ಲ. ಹೆಚ್ಚಿನ ಟ್ರಾವೆಲ್ ಪುಕ್ಕಟೆಯಾಗಿ ಬರುವುದಿಲ್ಲ, ಪ್ರತಿ ಏರಿನಲ್ಲೂ ಕಾಲುಗಳು ಅದರ ಲೆಕ್ಕ ಚುಕ್ತಾ ಮಾಡುತ್ತವೆ.

ಟ್ರಾವೆಲ್ ಎಂದರೆ ಚಕ್ರ ಮೇಲಕ್ಕೆ ಎಷ್ಟು ದೂರ ಸರಿಯಬಲ್ಲದು ಎಂಬ ಅಳತೆ. ಆದರೆ ಕ್ಯಾಟಲಾಗ್‌ನಲ್ಲಿ ಬರೆದಿರುವಷ್ಟೂ ಕಲ್ಲಿನ ಹೊಡೆತ ನುಂಗಲು ಸಿಗುವುದಿಲ್ಲ. ನೀವು ಹತ್ತಿ ಕೂತ ಕೂಡಲೇ ಮೈಭಾರಕ್ಕೆ ಸಸ್ಪೆನ್ಷನ್ ಒಂದಿಷ್ಟು ಕುಸಿಯುತ್ತದೆ. ಈ ಕುಸಿತವೇ ಸ್ಯಾಗ್. ಹಿಂಬದಿಗೆ ಶೇ. 30 ಸ್ಯಾಗ್ ಇಟ್ಟಿದ್ದೀರಿ ಎಂದುಕೊಳ್ಳಿ. 120ರ ಸೈಕಲ್‌ನಲ್ಲಿ ಸುಮಾರು 36 ಮಿ.ಮೀ. ಕುಸಿದು 84 ಉಳಿಯುತ್ತದೆ. 140ರಲ್ಲಿ 42 ಕುಸಿದು 98, 160ರಲ್ಲಿ 48 ಕುಸಿದು 112. ಕಾಗದದ ಮೇಲೆ 120ಕ್ಕೂ 160ಕ್ಕೂ 40 ಮಿ.ಮೀ. ಅಂತರ ಕಂಡರೂ ಹೊಡೆತಕ್ಕೆ ಸಿಗುವ ಪಾಲಿನಲ್ಲಿ ಇರುವ ವ್ಯತ್ಯಾಸ 28 ಮಿ.ಮೀ., ಅಂದರೆ ಒಂದು ಅಂಗುಲದ ಮೇಲೆ ಸ್ವಲ್ಪ. ಹಾಗೆಂದು ಕುಸಿದ ಭಾಗ ವ್ಯರ್ಥವಲ್ಲ. ಚಕ್ರ ಗುಂಡಿಯ ಮೇಲೆ ಹಾದಾಗ ಅದೇ ಭಾಗ ಕೆಳಕ್ಕೆ ಚಾಚಿಕೊಂಡು ಟೈರ್ ನೆಲ ಬಿಡದಂತೆ ನೋಡಿಕೊಳ್ಳುತ್ತದೆ. ಸ್ಯಾಗ್ ಇಲ್ಲದಂತೆ ಸಸ್ಪೆನ್ಷನ್‌ಗೆ ಗಾಳಿ ತುಂಬಿಸಿದ ಸೈಕಲ್ ತಿರುವಿನಲ್ಲಿ ಜಾರುವುದು ಇದೇ ಕಾರಣಕ್ಕೆ.

ಆ 28 ಮಿ.ಮೀ. ಕೆಲಸಕ್ಕೆ ಬರುವುದು ಯಾವಾಗ? ಎದೆಯೆತ್ತರದಿಂದ ಹಾರಿ ಸಮತಟ್ಟು ನೆಲಕ್ಕೆ ಬಿದ್ದಾಗ, ಅಥವಾ ವೇಗವಾಗಿ ಇಳಿಯುತ್ತಿರುವಾಗ ಒಂದರ ಹಿಂದೊಂದು ದೊಡ್ಡ ಕಲ್ಲು ಸಿಕ್ಕಿದಾಗ. ಸಣ್ಣ ಬೇರು, ಜಲ್ಲಿ, ಮುಷ್ಟಿಗಾತ್ರದ ಕಲ್ಲುಗಳ ಮೇಲೆ 120 ಕೂಡ ತನ್ನ ಟ್ರಾವೆಲ್‌ನ ಅರ್ಧವನ್ನಷ್ಟೇ ಬಳಸುತ್ತಿರುತ್ತದೆ. ಅಂಥ ಕಡೆ ಕೈ ನಡುಗಿಸುವುದು ಕಡಿಮೆ ಟ್ರಾವೆಲ್ ಅಲ್ಲ. ಟೈರ್‌ನ ಅತಿ ಗಾಳಿ, ಬಿಗಿಯಾಗಿ ಮುಚ್ಚಿದ ಕಂಪ್ರೆಷನ್ (ಸಸ್ಪೆನ್ಷನ್ ಕುಸಿಯುವ ವೇಗಕ್ಕೆ ಕಡಿವಾಣ ಹಾಕುವ ತಿರುಗುಣಿ), ಎಣ್ಣೆ ಬದಲಿಸದೆ ವರ್ಷ ಕಳೆದ ಫೋರ್ಕ್ (ಮುಂಚಕ್ರ ಹಿಡಿದಿರುವ ಸಸ್ಪೆನ್ಷನ್ ಕವಲು), ಇವುಗಳಲ್ಲೊಂದು. ಇದನ್ನು ಬಿಡಿಸಿ ಹೇಳಲು ಕಾರಣವಿದೆ: 120ರ ಸೈಕಲ್ ಮಾರಿ 160 ಕೊಳ್ಳಲು ಹೊರಡುವ ಎಷ್ಟೋ ಮಂದಿಯ ನಿಜವಾದ ತೊಂದರೆ ಶಾಕ್ ಪಂಪ್ (ಸಸ್ಪೆನ್ಷನ್‌ಗೆ ಗಾಳಿ ತುಂಬುವ ಪಂಪ್) ಹಿಡಿದು ಅರ್ಧ ತಾಸು ಕೂತರೆ ಬಗೆಹರಿಯುವಂಥದ್ದು.

ಟ್ರಾವೆಲ್ ಒಂದೇ ಬದಲಾಗುವುದಿಲ್ಲ

ಹೆಚ್ಚು ಟ್ರಾವೆಲ್ ಇರುವ ಸೈಕಲ್ ಎಂದರೆ ಅದೇ ಸೈಕಲ್‌ಗೆ ಉದ್ದದ ಸ್ಪ್ರಿಂಗ್ ಹಾಕಿದ್ದಲ್ಲ. ಅದು ದಪ್ಪ ಕಾಲಿನ ಫೋರ್ಕ್, ಗಟ್ಟಿ ಫ್ರೇಮ್, ದೊಡ್ಡ ಬ್ರೇಕ್ ಡಿಸ್ಕ್, ಭಾರದ ಟೈರ್ ಎಲ್ಲವನ್ನೂ ಹೊತ್ತು ತರುತ್ತದೆ. ಸಾಂಟಾ ಕ್ರೂಜ್ ಕಂಪನಿ 2022ರಲ್ಲಿ ಹೊಸದಾಗಿ ತಂದ ಮೂರು ಸೈಕಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಟಾಲ್‌ಬಾಯ್‌ಗೆ ಹಿಂದೆ 120, ಮುಂದೆ 130. ಹೈಟವರ್‌ಗೆ 145 ಮತ್ತು 150. ಮೆಗಾಟವರ್‌ಗೆ 165 ಮತ್ತು 170. ಟ್ರಾವೆಲ್ ಏರಿದಂತೆ ಹೆಡ್ ಆ್ಯಂಗಲ್ (ಫೋರ್ಕ್ ಕೂರುವ ಕೊಳವೆ ನೆಲಕ್ಕೆ ವಾಲಿರುವ ಕೋನ) ಸುಮಾರು 65.5 ಡಿಗ್ರಿಯಿಂದ 64.5ಕ್ಕೆ, ಅಲ್ಲಿಂದ 63.5ಕ್ಕೆ ಇಳಿಯುತ್ತದೆ. ಮುಂಚಕ್ರ ಮುಂದಕ್ಕೆ ಚಾಚಿಕೊಂಡಷ್ಟೂ ಕಡಿದಾದ ಇಳಿಜಾರಿನಲ್ಲಿ ತಲೆಕೆಳಗಾಗುವ ಭಯ ಕಡಿಮೆ. ಆದರೆ ಅದೇ ಚಕ್ರ ನಿಧಾನವಾದ ಏರಿನಲ್ಲಿ ಅತ್ತಿತ್ತ ಓಲಾಡುತ್ತದೆ, ಇಕ್ಕಟ್ಟಿನ ತಿರುವಿನಲ್ಲಿ ಹ್ಯಾಂಡಲ್ ಒತ್ತಿ ಹಿಡಿದು ತಿರುಗಿಸಬೇಕಾಗುತ್ತದೆ.

ಭಾರದ ಬಗ್ಗೆ ಹೇಳುವುದಾದರೆ, ನೀವು ನೋಡುವ ಟ್ರೇಲ್ ಸೈಕಲ್‌ಗಳು (ಏರು, ಇಳಿಜಾರು ಎರಡಕ್ಕೂ ಒಗ್ಗುವವು) ಹೆಚ್ಚಾಗಿ 13ರಿಂದ 15 ಕೆಜಿ, ಎಂಡ್ಯೂರೊ ಸೈಕಲ್‌ಗಳು (ಒರಟು ಇಳಿಜಾರಿಗೆ ಒತ್ತು ಕೊಟ್ಟ, ಉದ್ದ ಟ್ರಾವೆಲ್‌ನವು) 15ರಿಂದ 17 ಕೆಜಿ ತೂಗುತ್ತವೆ. ಇದರಲ್ಲಿ ಕಾಲಿಗೆ ನೇರವಾಗಿ ತಟ್ಟುವುದು ಟೈರ್‌ನ ಭಾರ. ಎಂಡ್ಯೂರೊ ಸೈಕಲ್‌ಗೆ ಹಾಕುವ ದಪ್ಪ ಗೋಡೆಯ, ಮೆತು ರಬ್ಬರಿನ ಟೈರ್ ಒಂದಕ್ಕೆ 200–300 ಗ್ರಾಂ ಹೆಚ್ಚಿರುತ್ತದೆ, ಉರುಳುವುದೂ ಭಾರವಾಗಿಯೇ. ‘160ರ ಸೈಕಲ್ ಏರು ಹತ್ತುವುದಿಲ್ಲ’ ಎಂಬ ದೂರಿನಲ್ಲಿ ದೊಡ್ಡ ಪಾಲು ಟೈರ್‌ನದು. ಇನ್ನೊಂದು ಪಾಲು ಸ್ಯಾಗ್‌ನದು: ಏರಿನಲ್ಲಿ ಮೈಭಾರ ಹಿಂದಕ್ಕೆ ಸರಿಯುತ್ತದೆ, ಉದ್ದ ಟ್ರಾವೆಲ್ ಇದ್ದರೆ ಹಿಂಬದಿ ಇನ್ನಷ್ಟು ಕುಸಿಯುತ್ತದೆ, ಸೀಟು ಹಿಂದಕ್ಕೆ ವಾಲುತ್ತದೆ, ಮುಂಚಕ್ರ ಹಗುರಾಗಿ ಮೇಲೇಳುತ್ತದೆ. ಈಚಿನ ಸೈಕಲ್‌ಗಳಲ್ಲಿ ಸೀಟ್ ಆ್ಯಂಗಲ್ (ಸೀಟು ಕೂರುವ ಕೊಳವೆಯ ಕೋನ) 76–77 ಡಿಗ್ರಿಯಷ್ಟು ನೆಟ್ಟಗಿರುವುದು ಈ ಕುಸಿತವನ್ನು ಸರಿದೂಗಿಸಲು.

ಸಮತಟ್ಟಾದ, ಮೆಲ್ಲನೆ ಏರಿಳಿಯುವ ದಾರಿಯಲ್ಲಿ ಇನ್ನೊಂದು ನಷ್ಟವಿದೆ. ದಿಣ್ಣೆಯ ಮೇಲೆ ಮೈ ಒತ್ತಿ ವೇಗ ಹೆಚ್ಚಿಸಿಕೊಳ್ಳಲು ಹೋದರೆ ಉದ್ದ ಟ್ರಾವೆಲ್ ಆ ಒತ್ತುವಿಕೆಯನ್ನೇ ನುಂಗಿಬಿಡುತ್ತದೆ. 120–130ರ ಸೈಕಲ್ ಪುಟಿಯುವ ಜಾಗದಲ್ಲಿ 160 ಮಂಕಾಗಿ ಉರುಳುತ್ತದೆ. ಇಳಿಜಾರಿನ ಹುಚ್ಚಿಲ್ಲದವರಿಗೆ ಇದೇ ದೊಡ್ಡ ನಿರಾಸೆ ಎನ್ನುವುದು ನಮ್ಮ ಅಭಿಪ್ರಾಯ.

ಹಳೆಯ ಸಲಹೆಗಳನ್ನು ಓದುವಾಗ ಎಚ್ಚರವಿರಲಿ. 2010ರ ಆಸುಪಾಸಿನ 140 ಮಿ.ಮೀ. ಸೈಕಲ್‌ಗಳ ಹೆಡ್ ಆ್ಯಂಗಲ್ 67–69 ಡಿಗ್ರಿ ಇರುತ್ತಿತ್ತು. ಕಡಿದಾದ ಇಳಿಜಾರಿಗೆ ಆಗ 160 ಬೇಕು ಎಂದವರು ನಿಜವಾಗಿ ಕೇಳುತ್ತಿದ್ದದ್ದು ಅದರ ಜತೆ ಬರುವ ಜ್ಯಾಮಿತಿಯನ್ನು. ಈಗ ಆ ಜ್ಯಾಮಿತಿ 130–140ರಲ್ಲೇ ಸಿಗುತ್ತದೆ. ‘ಟ್ರೇಲ್’ ಎಂಬ ಹೆಸರಿನ ಅರ್ಥವೂ ಸರಿಯುತ್ತಿದೆ: ಟ್ರೆಕ್ ಕಂಪನಿಯ ಫ್ಯುಯಲ್ ಇಎಕ್ಸ್ ಸೈಕಲ್ ಐದನೇ ತಲೆಮಾರಿನಲ್ಲಿ 130/140 (ಹಿಂದೆ/ಮುಂದೆ) ಇದ್ದದ್ದು ಆರನೆಯದರಲ್ಲಿ 140/150 ಆಯಿತು. ಹೆಸರು ನೋಡಿ ಕೊಳ್ಳಬೇಡಿ, ಅಳತೆಯ ಪಟ್ಟಿ ನೋಡಿ.

ಮುಂದೆ ಎಷ್ಟು, ಹಿಂದೆ ಎಷ್ಟು

ಮುಂದೆ 10ರಿಂದ 20 ಮಿ.ಮೀ. ಹೆಚ್ಚಿರುವುದು ವಾಡಿಕೆ. ಹೊಡೆತ ಮೊದಲು ತಾಗುವುದು ಮುಂಚಕ್ರಕ್ಕೆ, ಅಲ್ಲಿ ತಪ್ಪಿದರೆ ಬೀಳುವುದೂ ಖಚಿತ. ಹಿಂಬದಿಯ ಹೊಡೆತವನ್ನು ಬಾಗಿದ ಮೊಣಕಾಲುಗಳು ಬಹುಪಾಲು ನುಂಗುತ್ತವೆ. ಆದರೆ ಅಂತರ 30 ದಾಟಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ: ಫೋರ್ಕ್ ಕೊಟ್ಟ ಧೈರ್ಯದಲ್ಲಿ ನೀವು ವೇಗವಾಗಿ ನುಗ್ಗುತ್ತೀರಿ, ಹಿಂಬದಿ ಆ ವೇಗ ತಾಳಲಾರದೆ ತಳ ಬಡಿಯುತ್ತದೆ.

ಫೋರ್ಕ್‌ನ ಕಾಲಿನ ದಪ್ಪವನ್ನೂ ನೋಡಿ. ಫಾಕ್ಸ್ ಕಂಪನಿಯ ಫೋರ್ಕ್‌ಗಳಲ್ಲಿ 34, 36, 38 ಎಂಬ ಹೆಸರುಗಳು ಕಾಲಿನ ವ್ಯಾಸವನ್ನೇ ಮಿ.ಮೀ.ನಲ್ಲಿ ಹೇಳುತ್ತವೆ. ರಾಕ್‌ಶಾಕ್ಸ್‌ನಲ್ಲಿ ಪೈಕ್ ಮತ್ತು ಲಿರಿಕ್ 35ರವು, ಜೆಬ್ 38ರದು. 140 ಮಿ.ಮೀ.ಗೆ 34 ಅಥವಾ ಪೈಕ್ ಸಾಕು. ನಿಮ್ಮ ತೂಕ 90 ಕೆಜಿ ಮೀರಿದ್ದರೆ ಅಥವಾ ಕಲ್ಲಿನ ದಾರಿಯೇ ಹೆಚ್ಚಾಗಿದ್ದರೆ 150ರ 36 ಅಥವಾ ಲಿರಿಕ್ ಇರುವ ಸೈಕಲ್ ಹುಡುಕಿ. ತೆಳು ಫೋರ್ಕ್ ಜೋರಾಗಿ ಬ್ರೇಕ್ ಹಿಡಿದಾಗ ಬಾಗುತ್ತದೆ, ಬಾಗಿದಾಗ ಬುಷಿಂಗ್ (ಫೋರ್ಕ್ ಕಾಲು ಜಾರುವ ಒಳಬಳೆ) ಬಿಗಿದು ಸರಾಗವಾಗಿ ಜಾರುವುದಿಲ್ಲ. ಆಗ ಇರುವ ಟ್ರಾವೆಲ್ ಕೂಡ ಸಿಗುವುದಿಲ್ಲ.

ತೂಕ ನೋಡಿ ಟ್ರಾವೆಲ್ ಆರಿಸಬೇಕಿಲ್ಲ. ಏರ್ ಸ್ಪ್ರಿಂಗ್‌ಗೆ ಗಾಳಿ ಹೆಚ್ಚು ಕಡಿಮೆ ಮಾಡಿದರೆ 55 ಕೆಜಿಯವರಿಗೂ 95 ಕೆಜಿಯವರಿಗೂ ಒಂದೇ ಟ್ರಾವೆಲ್ ಹೊಂದುತ್ತದೆ. ಭಾರದವರು ನೋಡಬೇಕಾದದ್ದು ಶಾಕ್‌ನ, ಅಂದರೆ ಹಿಂಬದಿಯ ಸಸ್ಪೆನ್ಷನ್ ಘಟಕದ, ಗರಿಷ್ಠ ಒತ್ತಡ. ಹಲವು ಶಾಕ್‌ಗಳಲ್ಲಿ ಅದು 300ರಿಂದ 350 ಪಿಎಸ್‌ಐ, ಶಾಕ್‌ನ ಮೇಲೋ ಕೈಪಿಡಿಯಲ್ಲೋ ಬರೆದಿರುತ್ತದೆ. ಟ್ರಾವೆಲ್ಅನ್ನು ಶಾಕ್‌ನ ಸ್ಟ್ರೋಕ್‌ನಿಂದ (ಶಾಕ್ ತಾನೇ ಒಳಸರಿಯುವ ದೂರದಿಂದ) ಭಾಗಿಸಿ ನೋಡಿ: 140ಕ್ಕೆ 55 ಆದರೆ 2.5ರ ಆಸುಪಾಸು. ಈ ಅಂಕಿ 2.8, 3 ಎಂದು ಏರಿದಷ್ಟೂ ಅದೇ ತೂಕಕ್ಕೆ ಹೆಚ್ಚು ಗಾಳಿ ಬೇಕಾಗುತ್ತದೆ. ಕುಳ್ಳಗಿರುವವರು ಗಮನಿಸಬೇಕಾದದ್ದು ಬೇರೆ: 29 ಅಂಗುಲದ ಹಿಂಚಕ್ರದ ಜತೆ ಉದ್ದ ಟ್ರಾವೆಲ್ ಸೇರಿದರೆ ಕಡಿದಾದ ಇಳಿಜಾರಿನಲ್ಲಿ ಟೈರ್ ಬೆನ್ನ ಕೆಳಗೆ ತಾಗುತ್ತದೆ. ಹಿಂದೆ 27.5ರ ಚಕ್ರ ಇರುವ ಸೈಕಲ್ ಅವರಿಗೆ ಒಳ್ಳೆಯದು.

ಒ-ರಿಂಗ್ ಹೇಳುವ ಸತ್ಯ

ಕೊಳ್ಳುವ ಮುಂಚೆ ಸೈಕಲ್ ಒಂದು ದಿನದ ಮಟ್ಟಿಗೆ ಕೈಗೆ ಸಿಕ್ಕರೆ ಅಂದಾಜಿನ ಅಗತ್ಯವೇ ಇಲ್ಲ. ಶಾಕ್ ಪಂಪ್ ಮತ್ತು ಒಂದು ಸ್ಕೇಲ್ ಸಾಕು. ಹೆಲ್ಮೆಟ್, ನೀರು, ಚೀಲ ಸಮೇತ ಸವಾರಿಯ ವೇಷದಲ್ಲೇ ಅಳತೆ ಮಾಡಿ. ಕಂಪ್ರೆಷನ್ ಪೂರ್ತಿ ತೆರೆದಿಡಿ. ಮೈತೂಕ ಎಷ್ಟು ಪೌಂಡೋ ಅಷ್ಟು ಪಿಎಸ್‌ಐನಿಂದ ಶಾಕ್ ಶುರು ಮಾಡಿ. ಗಾಳಿ ಬದಲಿಸಿದ ಪ್ರತಿ ಸಲವೂ ಶಾಕ್ಅನ್ನು ಹತ್ತು ಬಾರಿ ನಿಧಾನವಾಗಿ ಒತ್ತಿ ಬಿಡಿ. ಶಾಕ್‌ನೊಳಗೆ ಎರಡು ಗಾಳಿಕೋಣೆಗಳಿವೆ, ಒತ್ತದೆ ಹೋದರೆ ಅವು ಸಮವಾಗುವುದಿಲ್ಲ, ಅಳತೆ ಸುಳ್ಳಾಗುತ್ತದೆ. ಈಗ ಸೈಕಲ್ ಮೇಲೆ ಕೂತು, ಶಾಕ್‌ನ ಮೇಲಿರುವ ರಬ್ಬರ್ ಒ-ರಿಂಗ್ಅನ್ನು ಸೀಲ್‌ಗೆ ತಾಗುವಂತೆ ಸರಿಸಿ, ಕುಲುಕದೆ ಇಳಿಯಿರಿ. 55 ಮಿ.ಮೀ. ಸ್ಟ್ರೋಕ್‌ನ ಶಾಕ್‌ನಲ್ಲಿ ಒ-ರಿಂಗ್ 16 ಮಿ.ಮೀ. ಸರಿದಿದ್ದರೆ ಸ್ಯಾಗ್ ಶೇ. 29, ಚೆನ್ನಾಗಿದೆ. ಫೋರ್ಕ್‌ಗೆ ಪೆಡಲ್ ಮೇಲೆ ನಿಂತು ಅಳೆಯಿರಿ: 150ರಲ್ಲಿ 30 ಮಿ.ಮೀ., ಅಂದರೆ ಶೇ. 20.

ಆಮೇಲೆ ಒ-ರಿಂಗ್ ಮತ್ತೆ ಸೀಲ್‌ಗೆ ತಾಗಿಸಿ, ನೀವು ಸದಾ ಹೋಗುವ ದಾರಿಯಲ್ಲೇ ಹೋಗಿಬನ್ನಿ. ನಿಮಗೆ ಗೊತ್ತಿರುವ ಅತಿ ಕಷ್ಟದ ದಾರಿಯಲ್ಲಲ್ಲ. ಆ ದಾರಿಯ ಅತ್ಯಂತ ಒರಟು ಜಾಗ ದಾಟಿ ನಿಂತು ನೋಡಿ. ಒ-ರಿಂಗ್ 48–53 ಮಿ.ಮೀ. ನಡುವೆ ನಿಂತಿದ್ದರೆ ಆ ಟ್ರಾವೆಲ್ ನಿಮ್ಮದೇ. ಇಡೀ ಸವಾರಿಯಲ್ಲಿ ಒಂದೆರಡು ಸಲ ಪೂರ್ತಿ 55 ಮುಟ್ಟಿದರೂ ತಪ್ಪಿಲ್ಲ, ಟ್ರಾವೆಲ್ ಇರುವುದೇ ಬಳಸಲು. ಸ್ಯಾಗ್ ಸರಿಯಿದ್ದೂ 38–40 ದಾಟದಿದ್ದರೆ ಸೈಕಲ್ ನಿಮ್ಮ ದಾರಿಗೆ ಹೆಚ್ಚಾಯಿತು. ಪ್ರತಿ ಇಳಿಜಾರಿನಲ್ಲೂ ತಳ ಬಡಿದ ಸದ್ದು ಕೇಳುತ್ತಿದ್ದರೆ ಮೊದಲು ಗಾಳಿಕೋಣೆಯೊಳಗೆ ಒಂದು ಟೋಕನ್ ಸೇರಿಸಿ. ಟೋಕನ್ ಕೋಣೆಯ ಜಾಗ ಕಿರಿದು ಮಾಡುತ್ತದೆ, ಸ್ಯಾಗ್ ಬಹುಮಟ್ಟಿಗೆ ಹಾಗೇ ಉಳಿದು ಕೊನೆಯ ಭಾಗ ಮಾತ್ರ ಬಿಗಿಯಾಗುತ್ತದೆ. ಟೋಕನ್ ಹಾಕಿಯೂ ಬಡಿಯುತ್ತಿದ್ದರೆ ಆಗ 150–160ರ ಸೈಕಲ್ ನೋಡಲು ನಿಮಗೆ ನಿಜವಾದ ಕಾರಣ ಸಿಕ್ಕಿತು. ತಳ ಬಡಿಯುತ್ತದೆಂದು ಬರೀ ಗಾಳಿ ತುಂಬುತ್ತ ಹೋಗಬೇಡಿ: ಸ್ಯಾಗ್ ಶೇ. 20ಕ್ಕಿಂತ ಕೆಳಗಿಳಿಯುತ್ತದೆ, ಸಣ್ಣ ಕಲ್ಲೂ ಮೈಗೆ ಬಡಿಯುತ್ತದೆ.

ಸೈಕಲ್ ಸಿಗದಿದ್ದರೆ ದಾರಿಯನ್ನೇ ಕೇಳಿಕೊಳ್ಳಿ. ಮೊಣಕಾಲೆತ್ತರ ಮೀರಿದ ಜಿಗಿತ ಅಪರೂಪ, ದಿನಕ್ಕೆ ನಾಲ್ಕು ತಾಸು ತುಳಿಯುವುದೇ ಹೆಚ್ಚು ಎಂದಾದರೆ 120/130. ವಾಹನದಲ್ಲೋ ಲಿಫ್ಟ್‌ನಲ್ಲೋ ಮೇಲೆ ಹೋಗಿ ಇಳಿಯುವುದೇ ಹೆಚ್ಚು, ಬೈಕ್ ಪಾರ್ಕ್‌ನ ದೊಡ್ಡ ಜಂಪ್‌ಗಳು ಆಗಾಗ ಇವೆ ಎಂದಾದರೆ 150–160ರ ಹಿಂಬದಿ, 160–170ರ ಮುಂಬದಿ. ನಡುವೆ ಇರುವವರೆಲ್ಲರಿಗೂ ಮೊದಲು ಹೇಳಿದ ಅಳತೆ. ವರ್ಷಕ್ಕೊಮ್ಮೆ ಹೋಗುವ ಪಾರ್ಕ್‌ಗಾಗಿ ವರ್ಷವಿಡೀ ಭಾರ ಹೊರಬೇಡಿ, ಆ ಒಂದು ದಿನಕ್ಕೆ ದೊಡ್ಡ ಸೈಕಲ್ ಬಾಡಿಗೆಗೆ ಸಿಗುತ್ತದೆ.

ಎರಡು ಅಳತೆಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಚಿಕ್ಕದನ್ನೇ ಆರಿಸಿ. ಉಳಿದ ಹಣವನ್ನು ಒಳ್ಳೆಯ ಡ್ಯಾಂಪರ್ (ಕುಸಿತ-ಪುಟಿತದ ವೇಗ ಹಿಡಿತದಲ್ಲಿಡುವ ಭಾಗ) ಇರುವ ಫೋರ್ಕ್‌ಗೆ, ನಾಲ್ಕು ಪಿಸ್ಟನ್‌ನ ಬ್ರೇಕ್‌ಗೆ, ಟೈರ್‌ಗೆ ಹಾಕಿ. ಚಿಕ್ಕದನ್ನು ಮುಂದೆ ಸ್ವಲ್ಪ ಬೆಳೆಸಲೂ ಬರುತ್ತದೆ. ಬಹುತೇಕ ಏರ್ ಫೋರ್ಕ್‌ಗಳಲ್ಲಿ ಒಳಗಿನ ಏರ್ ಶಾಫ್ಟ್ ಬದಲಿಸಿದರೆ 140 ಇದ್ದದ್ದು 150 ಆಗುತ್ತದೆ. ಲೋವರ್ ಸರ್ವಿಸ್ (ಫೋರ್ಕ್‌ನ ಕೆಳಭಾಗ ಬಿಚ್ಚಿ ಎಣ್ಣೆ ಬದಲಿಸುವ ಕೆಲಸ) ಮಾಡಿಸುವಾಗಲೇ ಹಾಕಿಸಿಕೊಂಡರೆ ಬೇರೆ ಕೂಲಿ ಹೆಚ್ಚು ಬೀಳುವುದಿಲ್ಲ. 10 ಮಿ.ಮೀ.ಗೆ ಹೆಡ್ ಆ್ಯಂಗಲ್ ಸುಮಾರು ಅರ್ಧ ಡಿಗ್ರಿ ಇಳಿಯುತ್ತದೆ, ಬಾಟಂ ಬ್ರಾಕೆಟ್ (ಪೆಡಲ್‌ಗಳ ಅಚ್ಚು ಕೂರುವ ಜಾಗ) 3 ಮಿ.ಮೀ.ನಷ್ಟು ಏರುತ್ತದೆ. 20 ಮಿ.ಮೀ. ಹೆಚ್ಚಿಸುವ ಮುಂಚೆ ಫ್ರೇಮ್ ತಯಾರಕರು ಒಪ್ಪುವ ಗರಿಷ್ಠ ಫೋರ್ಕ್ ಎಷ್ಟೆಂದು ಕೈಪಿಡಿಯಲ್ಲಿ ನೋಡಲೇಬೇಕು. ಮಿತಿ ಮೀರಿದರೆ ಹೆಡ್ ಟ್ಯೂಬ್ ಮೇಲೆ ಒತ್ತಡ ಹೆಚ್ಚುತ್ತದೆ, ವಾರಂಟಿಯೂ ಹೋಗುತ್ತದೆ.

ಹಿಂಬದಿಯಲ್ಲಿ ಈ ಆಟ ಬೇಡ. ತಯಾರಕರು ಒಪ್ಪದ ಉದ್ದ ಸ್ಟ್ರೋಕ್‌ನ ಶಾಕ್ ಹಾಕಿದರೆ ಪೂರ್ತಿ ಕುಸಿದಾಗ ಹಿಂದಿನ ಟೈರ್ ಸೀಟ್ ಟ್ಯೂಬ್‌ಗೆ, ಇಲ್ಲವೇ ಲಿಂಕ್ ಫ್ರೇಮ್‌ಗೆ ಬಡಿಯುತ್ತದೆ. ಒಪ್ಪಿಗೆ ಇದ್ದರೂ ಹಾಕಿಸಿದ ಮೇಲೆ ಶಾಕ್‌ನ ಗಾಳಿಯನ್ನೆಲ್ಲ ಬಿಟ್ಟು, ಸೈಕಲ್ಅನ್ನು ತಳ ಮುಟ್ಟುವವರೆಗೆ ಒತ್ತಿ, ಟೈರ್‌ಗೂ ಫ್ರೇಮ್‌ಗೂ ನಡುವೆ ಬೆರಳು ತೂರಿಸಿ ನೋಡಿ. ಬೆರಳು ಹೋಗದಿದ್ದರೆ ಹಳೆಯ ಶಾಕ್ಅನ್ನೇ ವಾಪಸ್ ಹಾಕಿಸಿ.