ಒಂದು ಲಕ್ಷ ಇದೆ: ಹೊಸ ಕ್ಯಾಮೆರಾ ಕೊಳ್ಳಲೋ, ಲೈಟ್ ಕೊಳ್ಳಲೋ?

ಪ್ರಶ್ನೆ: ಮೊದಲ ಕಿರುಚಿತ್ರಕ್ಕೆಂದು ಒಂದು ಲಕ್ಷ ರೂಪಾಯಿ ಕೂಡಿಟ್ಟಿದ್ದೇನೆ. ನನ್ನಲ್ಲಿರುವುದು ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಹಳೆಯ ಮಿರರ್‌ಲೆಸ್ ಕ್ಯಾಮೆರಾ. ಸಂಜೆ ಮನೆಯೊಳಗೆ ಶೂಟ್ ಮಾಡಿದರೆ ಚಿತ್ರದ ತುಂಬ ಗ್ರೇನ್ಸ್. ಇದನ್ನು ಮಾರಿ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾ ತಗೊಳ್ಳಲೇ?

ಉತ್ತರ: ಬೇಡ. ಆ ಕ್ಯಾಮೆರಾ ಇಟ್ಟುಕೊಳ್ಳಿ, ಹಣವನ್ನು ಬೆಳಕಿಗೆ ಹಾಕಿ.

ಗ್ರೇನ್ಸ್ ಬರುವುದು ಸೆನ್ಸರ್ ಮೇಲೆ ಬೀಳುವ ಬೆಳಕು ಸಾಲದೆ. ಐಎಸ್‌ಒ ಏರಿಸಿದರೆ ಬೆಳಕು ಹುಟ್ಟುವುದಿಲ್ಲ, ಇದ್ದಷ್ಟನ್ನೇ ಕ್ಯಾಮೆರಾ ಹಿಗ್ಗಿಸಿ ತೋರಿಸುತ್ತದೆ. ಫುಲ್‌ಫ್ರೇಮ್ ಸೆನ್ಸರಿನ ವಿಸ್ತೀರ್ಣ ನಿಮ್ಮದರ ಸುಮಾರು ಎರಡೂಕಾಲು ಪಟ್ಟು. ಅಷ್ಟೆಲ್ಲ ಖರ್ಚಿಗೆ ಸಿಗುವ ಲಾಭ ಒಂದು ಸ್ಟಾಪ್‌ಗಿಂತ ತುಸು ಹೆಚ್ಚು, ಅಷ್ಟೇ (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್). ಎರಡು ಮೀಟರ್ ದೂರದ ದೀಪವನ್ನು ಒಂದು ಮೀಟರ್‌ಗೆ ತನ್ನಿ: ನಟರ ಮುಖದ ಮೇಲಿನ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಅಂದರೆ ಎರಡು ಸ್ಟಾಪ್. ಖರ್ಚು ಸೊನ್ನೆ. ಎಫ್ ಅಂಕಿ ಇಳಿದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ: ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್‌ನ ಎಫ್ 5.6 ಬಿಟ್ಟು, ಜೂಮ್ ಇಲ್ಲದ ಎಫ್ 1.8ರ ಪ್ರೈಮ್ ಲೆನ್ಸ್ ಹಾಕಿದರೆ ಇನ್ನೂ ಮೂರು ಸ್ಟಾಪ್ ಸಿಗುತ್ತದೆ. ಆದರೆ ಫೋಕಸ್ ಹಿಡಿಯುವುದು ಕಷ್ಟವಾಗುತ್ತದೆ, ನಟರು ನಡೆದಾಡುವ ದೃಶ್ಯಕ್ಕೆ ಅದನ್ನೇ ನಂಬಬೇಡಿ.

ಇನ್ನು ಬೆಳಕಿನ ಗುಣ. ನನಗೆ ಪ್ರಮಾಣಕ್ಕಿಂತ ಇದೇ ಮುಖ್ಯ. ದೀಪ ಚಿಕ್ಕದಾದಷ್ಟೂ ನೆರಳಿನ ಅಂಚು ಹರಿತ, ದೊಡ್ಡದಾದಷ್ಟೂ ಮೃದು. ಸತ್ಯಜಿತ್ ರಾಯ್ ಅವರ 1956ರ ಬಂಗಾಳಿ ಚಿತ್ರ ‘ಅಪರಾಜಿತೊ’ದಲ್ಲಿ ಛಾಯಾಗ್ರಾಹಕ ಸುಬ್ರತ ಮಿತ್ರ ಕಾಶಿಯ ಮನೆಯಂಗಳವನ್ನು ಸ್ಟುಡಿಯೊದ ಸೆಟ್‌ನಲ್ಲಿ ತೋರಿಸಬೇಕಿತ್ತು. ಅಂಥ ಅಂಗಳಕ್ಕೆ ಬೆಳಕು ಇಳಿಯುವುದು ಆಕಾಶದಿಂದ, ಅಚ್ಚೊತ್ತಿದಂಥ ನೆರಳಿಲ್ಲದೆ. ನೇರ ದೀಪ ಹಾಕಿದ್ದರೆ ಒಬ್ಬೊಬ್ಬರಿಗೂ ನಾಲ್ಕಾರು ನೆರಳು ಬೀಳುತ್ತಿತ್ತು. ಅವರು ಸೆಟ್‌ನ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿ, ದೀಪಗಳನ್ನು ಅದಕ್ಕೆ ತಿರುಗಿಸಿ, ಅಲ್ಲಿಂದ ಮರಳಿ ಬಂದ ಬೆಳಕಿನಲ್ಲಿ ಚಿತ್ರಿಸಿದರು. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಮಾಡಿದ್ದು ಇದಕ್ಕೆ ತದ್ವಿರುದ್ಧ: ಗುರುದತ್ ಅವರ 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ನ ಆ ಪ್ರಸಿದ್ಧ ಬಿಸಿಲುಕೋಲಿಗೆ ಹೊರಗಿನ ಬಿಸಿಲನ್ನೇ ಕನ್ನಡಿಗಳಿಂದ ಸ್ಟುಡಿಯೊದೊಳಗೆ ತಿರುಗಿಸಿದರು. ಒಬ್ಬರ ಕೈಯಲ್ಲಿ ಬಟ್ಟೆ, ಇನ್ನೊಬ್ಬರ ಕೈಯಲ್ಲಿ ಕನ್ನಡಿ!

ಆದ್ದರಿಂದ ನೂರು ವ್ಯಾಟ್ ಆಸುಪಾಸಿನ ಒಂದೇ ಒಂದು ಒಳ್ಳೆಯ ಸಿಒಬಿ (ಎಲ್‌ಇಡಿಗಳೆಲ್ಲ ಒಂದೇ ಚಿಪ್‌ನಲ್ಲಿ ಒತ್ತಾಗಿ ಕೂತ) ಲೈಟ್ ಕೊಳ್ಳಿ, ಅಗ್ಗದ ಮೂರು ಪ್ಯಾನೆಲ್ ಬೇಡ. ಲೈಟ್‌ನ ಮುಂದೆ ಬೋವೆನ್ಸ್ ಮೌಂಟ್ ಎಂಬ ಜೋಡಣೆ ಇದ್ದರೆ, ಬೆಳಕನ್ನು ಮೃದುಮಾಡುವ ಸಾಫ್ಟ್‌ಬಾಕ್ಸ್ ಅದೇ ಮೌಂಟಿನ ಯಾವ ಕಂಪನಿಯದಾದರೂ ಕೂರುತ್ತದೆ. ಬಣ್ಣಗಳನ್ನು ದೀಪ ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಳತೆ ಸಿಆರ್‌ಐ; ಪೆಟ್ಟಿಗೆಯ ಮೇಲೆ ಸಿಆರ್‌ಐ 95 ಎಂದಿದ್ದರೆ ಸಾಲದು. ಆ ಅಂಕಿ ಎಂಟು ಮಂಕು ಬಣ್ಣಗಳ ಸರಾಸರಿ, ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಅದಕ್ಕೆ ಆರ್9 ಎಂಬ ಬೇರೆಯೇ ಅಂಕಿ ಇದೆ, ಕೇಳಿ ನೋಡಿ. ಕೆಂಪು ಸೋತರೆ ನಮ್ಮ ಕಂದು ಮೈಬಣ್ಣ ಬೂದಿ ಬಳಿದಂತೆ ಕಾಣುತ್ತದೆ, ಶೂಟಿಂಗ್ ಆದಮೇಲೆ ಬಣ್ಣ ತಿದ್ದುವ ಗ್ರೇಡಿಂಗ್‌ನಲ್ಲಿ ಅದನ್ನು ಪೂರ್ತಿ ಸರಿಪಡಿಸಲಾಗದು. ಗಟ್ಟಿ ಸ್ಟ್ಯಾಂಡ್ ಮತ್ತು ಮರಳು ಚೀಲದಲ್ಲಿ ಜಿಪುಣತನ ಬೇಡ, ಲೈಟ್ ಉರುಳಿ ಯಾರ ತಲೆಗಾದರೂ ಬಿದ್ದೀತು.

ಮರೆತೇಬಿಡುವ ಇನ್ನೊಂದು ಸಾಮಾನು ಕಪ್ಪು ಬಟ್ಟೆ. ನಮ್ಮ ಮನೆಗಳ ಕೋಣೆಗಳು ಚಿಕ್ಕವು, ಗೋಡೆಗೆ ತಿಳಿ ಬಣ್ಣ. ಒಂದು ದೀಪ ಹಚ್ಚಿದರೂ ಬೆಳಕು ನಾಲ್ಕೂ ಗೋಡೆಗೆ ಬಡಿದು ವಾಪಸು ಬಂದು ಮುಖವನ್ನು ಚಪ್ಪಟೆ ಮಾಡುತ್ತದೆ. ಮುಖದ ನೆರಳಿನ ಬದಿಗೆ, ಫ್ರೇಮ್‌ನ ಆಚೆ, ಒಂದು ಕಪ್ಪು ಬಟ್ಟೆ ತೂಗುಬಿಡಿ. ಕೆನ್ನೆಯ ಏರು, ಮೂಗಿನ ರೇಖೆ ತಟ್ಟನೆ ಎದ್ದು ಕಾಣುತ್ತವೆ. ಸೆಟ್‌ಗಳಲ್ಲಿ ಕಟ್ಟರ್ ಎಂಬ ಕಪ್ಪು ತಡೆ ಹಿಡಿಯುವುದೂ ಹೀಗೆ ಬೇಡದ ಕಡೆ ಬೆಳಕು ಹೋಗದಿರಲಿ ಎಂದೇ. ಎರಡು ಥರ್ಮಾಕೋಲ್ ಹಾಳೆ ತಂದು, ಪ್ರತಿಯೊಂದರ ಒಂದು ಬದಿಗೆ ಕಪ್ಪು ಬಟ್ಟೆ ಅಂಟಿಸಿದರೆ ಬಿಳಿ ಬದಿಯಿಂದ ಬೆಳಕು ಮರಳಿಸುವ ಬೌನ್ಸ್ ಕೂಡ ಅದೇ, ಕಪ್ಪು ಬದಿಯಿಂದ ತಡೆಯೂ ಅದೇ.

ಸಂಜೆಯ ಶೂಟಿಂಗ್‌ಗೆ ಒಂದು ಎಚ್ಚರಿಕೆ. ನಮ್ಮ ಕರೆಂಟ್ 50 ಹರ್ಟ್ಸ್, ಮನೆಯ ದೀಪಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಚಿತ್ರದಲ್ಲಿ ಪಟ್ಟೆಗಳು ಹರಿದಾಡುವ ತೊಂದರೆ ಬಹುಪಾಲು ತಪ್ಪುತ್ತದೆ. ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳು ಇದಕ್ಕೂ ಬಗ್ಗುವುದಿಲ್ಲ, ಅವನ್ನು ಆರಿಸಿಬಿಡಿ. ಬೆಳಕಿನ ಬಣ್ಣದ ಅಳತೆಯಾದ ಕೆಲ್ವಿನ್‌ನಲ್ಲಿ ಬಿಳಿ ಟ್ಯೂಬ್‌ಲೈಟ್ ಸುಮಾರು 6500, ಹಳದಿ ಬಲ್ಬ್ ಸುಮಾರು 2700 ಇರುತ್ತದೆ. ಎರಡನ್ನೂ ಒಟ್ಟಿಗೆ ಉರಿಸಿದರೆ ಕ್ಯಾಮೆರಾದಲ್ಲಿ ಯಾವ ವೈಟ್ ಬ್ಯಾಲೆನ್ಸ್ ಇಟ್ಟರೂ ಒಂದರ ಬಣ್ಣ ಕೆಡುತ್ತದೆ.

ಮೈಕ್‌ಗೆ ಹಣ ತೆಗೆದಿಡಿ, ಅದರ ಮಾತು ಬೇರೆಯೇ.

ನಿಮ್ಮ ಕಥೆಯ ಬಹುಪಾಲು ರಾತ್ರಿಯ ಬೀದಿಯಲ್ಲಿ, ಕರೆಂಟ್ ಎಳೆಯಲಾಗದ ಜಾಗದಲ್ಲಿ ನಡೆಯುವುದಾದರೆ ಮಾತ್ರ ಕ್ಯಾಮೆರಾ ಬದಲಿಸುವುದು ನ್ಯಾಯ. ಆಗಲೂ ಕೊಳ್ಳಬೇಡಿ. ಡ್ಯುಯಲ್ ನೇಟಿವ್ ಐಎಸ್‌ಒ (ಕತ್ತಲಿಗೆಂದೇ ಎರಡನೆಯ, ಹೆಚ್ಚಿನ ಮೂಲ ಐಎಸ್‌ಒ) ಇರುವ ಕ್ಯಾಮೆರಾವನ್ನು ಆ ರಾತ್ರಿಗಳಿಗಷ್ಟೇ ಬಾಡಿಗೆಗೆ ತನ್ನಿ. ಹಿಂದಿನ ದಿನವೇ ಅದೇ ಬೀದಿಗೆ ಹೋಗಿ, ನಟರೊಬ್ಬರನ್ನು ಬೀದಿದೀಪದ ಕೆಳಗೆ ನಿಲ್ಲಿಸಿ ಟೆಸ್ಟ್ ಶಾಟ್ ತೆಗೆದು, ದೊಡ್ಡ ಪರದೆಯಲ್ಲಿ ನೋಡಿ.