ಆ ಕೋಣೆಯಲ್ಲಿ ನಿಜವಾಗಿಯೂ ಯಾರಾದರೂ ಇದ್ದಾರಾ?

ಜನ ಹೇಗೆ ನಿರ್ಧಾರ ಮಾಡುತ್ತಾರೆ ಅಂತ ನೋಡಲು ನಾವು ಆಡಿಸುವ ದುಡ್ಡು ಹಂಚುವ ಆಟದ ನಿಯಮ ಸರಳ. ನಿಮ್ಮ ಕೈಗೆ ನೂರು ರೂಪಾಯಿ ಕೊಡುತ್ತೇವೆ. ಪಕ್ಕದ ಕೋಣೆಯಲ್ಲಿ ಒಬ್ಬರಿದ್ದಾರೆ. ಯಾರು ಅಂತ ಹೇಳುವುದಿಲ್ಲ. ಅದರಲ್ಲಿ ಅವರಿಗೆ ಎಷ್ಟು ಅಂತ ನೀವು ಹೇಳಬೇಕು. ಅವರು ಒಪ್ಪಿದರೆ ಇಬ್ಬರಿಗೂ ದುಡ್ಡು, ಒಪ್ಪದಿದ್ದರೆ ಇಬ್ಬರಿಗೂ ಇಲ್ಲ. ಅರ್ಥಶಾಸ್ತ್ರದ ವರ್ನರ್ ಗ್ಯೂಟ್ ಮತ್ತು ಅವರ ಜೊತೆಗಾರರು ಜರ್ಮನಿಯಲ್ಲಿ ಇದನ್ನು ಮಾಡಿ 1982ರಲ್ಲಿ ಪ್ರಕಟಿಸಿದರು. ಬರೀ ಲಾಭದ ಲೆಕ್ಕ ನೋಡಿದರೆ ಒಂದು ರೂಪಾಯಿ ಕೊಟ್ಟರೂ ಎದುರಿನವರು ಒಪ್ಪಬೇಕು. ಆದರೆ ಜನ ಸಾಮಾನ್ಯವಾಗಿ ನಲವತ್ತು, ಐವತ್ತು ಕೊಡುತ್ತಾರೆ. ಇಪ್ಪತ್ತಕ್ಕಿಂತ ಕಮ್ಮಿ ಬಂದರೆ ಎಷ್ಟೋ ಜನ ಬೇಡವೇ ಬೇಡ ಅನ್ನುತ್ತಾರೆ.

ಮಂಡ್ಯ ಕಡೆಯ ಒಂದು ಸಮುದಾಯ ಭವನದಲ್ಲಿ ಇದನ್ನು ಆಡಿಸುತ್ತಿದ್ದಾಗ ಯಜಮಾನರೊಬ್ಬರು ಚೀಟಿ ಕೆಳಗಿಟ್ಟು ಕೇಳಿದರು: "ಆ ಕೋಣೇಲಿ ನಿಜವಾಗ್ಲೂ ಯಾರಾದ್ರೂ ಅವ್ರಾ ಸಾ? ಇಲ್ಲಾ ಮಿಕ್ಕಿದ್ ದುಡ್ಡ ನೀವೇ ಮಡಿಕತ್ತೀರಾ?"

ಪ್ರಯೋಗ ಮಾಡುವವರು ಕೇಳಿಸಿಕೊಳ್ಳಬೇಕಾದ ಪ್ರಶ್ನೆ ಇದು. ಮಿಕ್ಕ ದುಡ್ಡು ನಮ್ಮ ಜೇಬಿಗೆ ಹೋಗುತ್ತದೆ ಅಂದುಕೊಂಡು ಅವರು ಐವತ್ತು ಬರೆದರೆ, ಆ ಐವತ್ತು ಏನನ್ನು ಅಳೆಯಿತು? ಧಾರಾಳತನವನ್ನಂತೂ ಅಲ್ಲ. ನಮ್ಮ ಹಾಳೆಯಲ್ಲಿ ಬರೆದಿರುವ ಪ್ರಯೋಗ ಒಂದು, ಎದುರಿಗೆ ಕೂತವರ ತಲೆಯಲ್ಲಿ ನಡೆಯುವ ಪ್ರಯೋಗ ಇನ್ನೊಂದು. ಅಂಕಿ ಬರುವುದು ಎರಡನೆಯದರಿಂದ.

ಅರ್ಥಶಾಸ್ತ್ರದವರು ಮತ್ತು ಮನಃಶಾಸ್ತ್ರದವರು ಇಲ್ಲೇ ಬೇರೆ ಬೇರೆ ದಾರಿ ಹಿಡಿಯುತ್ತಾರೆ. 2002ರ ಅರ್ಥಶಾಸ್ತ್ರದ ನೊಬೆಲ್ ಅನ್ನು ಮನಃಶಾಸ್ತ್ರದ ಡೇನಿಯಲ್ ಕಾನೆಮನ್ ಮತ್ತು ಅರ್ಥಶಾಸ್ತ್ರದ ವರ್ನನ್ ಸ್ಮಿತ್ ಹಂಚಿಕೊಂಡರು. ಪ್ರಶಸ್ತಿ ಒಂದೇ, ಪ್ರಯೋಗದ ಪದ್ಧತಿ ಮಾತ್ರ ಒಂದಲ್ಲ. ಸ್ಮಿತ್ ಅವರ ಕಡೆಯವರು ಪ್ರತಿ ನಿರ್ಧಾರಕ್ಕೂ ನಿಜವಾದ ದುಡ್ಡು ಕಟ್ಟುತ್ತಾರೆ. ಸೂಚನೆಯನ್ನು ಬರೆದಿಟ್ಟುಕೊಂಡು ಎಲ್ಲರಿಗೂ ಒಂದೇ ಥರ ಓದುತ್ತಾರೆ. ಒಂದೇ ಆಟವನ್ನು ಹತ್ತಾರು ಸುತ್ತು ಆಡಿಸುತ್ತಾರೆ. ಆಡುವವರಿಗೆ ಸುಳ್ಳು ಹೇಳುವ ಹಾಗೇ ಇಲ್ಲ. ಕಾನೆಮನ್ ಎಷ್ಟೋ ಸಲ "ನಿಮಗೆ ಹೀಗಾದರೆ ಏನು ಮಾಡುತ್ತೀರಿ" ಅಂತ ಒಂದು ಪ್ರಶ್ನೆ ಕೇಳಿದ್ದರು, ಅಷ್ಟೇ. ಅದರಿಂದಲೇ ದೊಡ್ಡ ದೊಡ್ಡ ಸಂಗತಿ ಹೊರಬಂತು ಅನ್ನೋದೂ ನಿಜ.

ಸುಳ್ಳಿನ ವಿಷಯದಲ್ಲಿ ನಾನು ಅರ್ಥಶಾಸ್ತ್ರದವರ ಪಕ್ಷ. ಸುಳ್ಳಿಲ್ಲದೆ ಆಗದ ಪ್ರಯೋಗಗಳಿವೆ, ಒಪ್ಪುತ್ತೇನೆ. ಸಾಲೊಮನ್ ಆಶ್ 1951ರಲ್ಲಿ ಗೆರೆಗಳ ಉದ್ದ ಹೋಲಿಸುವ ಪರೀಕ್ಷೆ ಪ್ರಕಟಿಸಿದಾಗ, ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಹೇಳಿಕೊಟ್ಟಂತೆ ತಪ್ಪು ಉತ್ತರ ಕೊಡುವವರು; ಆ ಒಬ್ಬ ಗುಂಪಿನ ಹಿಂದೆ ಹೋಗುತ್ತಾನಾ ಅಂತ ನೋಡುವುದು. ಮಿಲ್‌ಗ್ರಾಮ್ ಅವರ ಪ್ರಯೋಗದಲ್ಲಿ, ಹೇಳಿದರೆ ಜನ ಇನ್ನೊಬ್ಬರಿಗೆ ಎಲ್ಲಿಯವರೆಗೆ ಶಾಕ್ ಕೊಡುತ್ತಾರೆ ಅಂತ ನೋಡಲು ಇಟ್ಟ ಕರೆಂಟ್ ಶಾಕ್ ಕೂಡ ಸುಳ್ಳೇ. ಆದರೆ ಒಮ್ಮೆ ಮೋಸಹೋದವರು ಮುಂದಿನ ಸಲ ನಮ್ಮನ್ನು ನಂಬುವುದಿಲ್ಲ. ಮೈಸೂರಿನ ಕಾಲೇಜು ಹುಡುಗರನ್ನು ಕೂರಿಸಿದರೆ ಸೂಚನೆ ಓದುವಾಗಲೇ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇದರಲ್ಲಿ ಇನ್ನೇನೋ ಇದೆ ಅಂತ ಅವರಿಗೆ ಅನುಮಾನ. ಹಳ್ಳಿಯಲ್ಲಾದರೆ ನಾವು ಹೊರಡುವ ಮುಂಚೆಯೇ ಸುದ್ದಿ ಪಕ್ಕದ ಊರು ಮುಟ್ಟಿರುತ್ತದೆ. ಆಮೇಲೆ ಬರುವ ಬೇರೆ ತಂಡಕ್ಕೂ ಅದರ ಏಟು ಬೀಳುತ್ತದೆ. ಆ ಯಜಮಾನರಿಗೆ ನಾವು ಪಕ್ಕದ ಕೋಣೆಯ ಬಾಗಿಲು ತೆಗೆದು, ಜನ ಕೂತಿರುವುದನ್ನು ತೋರಿಸಿದೆವು. ಯಾರಿಗೆ ಯಾರು ಜೋಡಿ ಅನ್ನೋದನ್ನು ಮಾತ್ರ ಹೇಳಲಿಲ್ಲ. ಈಗ ಎಲ್ಲ ಕಡೆ ಆಟಕ್ಕೆ ಮುಂಚೆ ಹಾಗೇ ಮಾಡುತ್ತೇವೆ.

ದುಡ್ಡಿನ ವಿಷಯದಲ್ಲಿ ನನಗೆ ಅಷ್ಟು ಖಾತರಿ ಇಲ್ಲ. ಮೊತ್ತ ಏರಿದರೆ ನಡವಳಿಕೆ ಬದಲಾಗುತ್ತದೆ. ಈಶಾನ್ಯ ಭಾರತದ ಹಳ್ಳಿಗಳಲ್ಲಿ ಇದೇ ಹಂಚುವ ಆಟವನ್ನು 20 ರೂಪಾಯಿಯಿಂದ 20,000 ರೂಪಾಯಿವರೆಗೆ ಆಡಿಸಿದ್ದರು. ಮೊತ್ತ ದೊಡ್ಡದಾದಷ್ಟೂ ಬೇಡ ಅನ್ನುವವರು ಕಮ್ಮಿಯಾದರು. ಆದರೆ ತಮಿಳುನಾಡಿನ ಮದುರೆ ಕಡೆ ಡಾನ್ ಏರಿಯಲಿ ಮತ್ತಿತರರು ಕೌಶಲದ ಆಟಗಳಿಗೆ ದೊಡ್ಡ ಬಹುಮಾನ ಇಟ್ಟಾಗ, ಅತಿ ಹೆಚ್ಚು ದುಡ್ಡು ಸಿಗಬಹುದಾದವರೇ ಎಲ್ಲರಿಗಿಂತ ಕಳಪೆಯಾಗಿ ಆಡಿದರು. ದುಡ್ಡು ಕೊಟ್ಟರೆ ಜನ ಗಮನ ಕೊಡುತ್ತಾರೆ, ಸರಿ. ಜಾಸ್ತಿಯಾದರೆ ಕೈ ನಡುಗುತ್ತದೆ.

ನಮ್ಮ ಕಡೆಯವರಿಗೆ ತುಂಬ ಹತ್ತಿರವಾದ ಪ್ರಯೋಗ ಇನ್ನೊಂದಿದೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತಿತರರು ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ಮಾಡಿ 2013ರಲ್ಲಿ ಪ್ರಕಟಿಸಿದ್ದು. ಕಟಾವಿಗೆ ಮುಂಚೆ ಕೈ ಬರಿದು, ಆಮೇಲೆ ದುಡ್ಡು. ಅದೇ ರೈತರಿಗೆ ಎರಡೂ ಸಲ ಬುದ್ಧಿಯ ಪರೀಕ್ಷೆ ಕೊಟ್ಟರು. ಕಟಾವಿನ ನಂತರ ಚೆನ್ನಾಗಿ ಮಾಡಿದರು. ಬಡತನದ ಚಿಂತೆ ತಲೆಯನ್ನು ತಿನ್ನುತ್ತದೆ ಅನ್ನುವುದು ಅವರ ವಾದ. ಕಾರ್ಖಾನೆ ಎಲ್ಲರ ಕಬ್ಬನ್ನೂ ಒಂದೇ ದಿನ ಕಡಿಸುವುದಿಲ್ಲ, ತಿಂಗಳುಗಟ್ಟಲೆ ಸರದಿ. ಆದ್ದರಿಂದ ಬದಲಾವಣೆಗೆ ಕಾರಣ ಋತುವಾ, ದುಡ್ಡಾ ಅಂತ ಬಿಡಿಸಿ ನೋಡಲು ಸಾಧ್ಯವಾಯಿತು. ಬಲು ಜಾಣ ಯೋಜನೆ.

ಇದನ್ನು ಮಂಡ್ಯದಲ್ಲಿ ಹಾಗೇ ಮಾಡೋಣ ಅಂತ ಹುಡುಗರು ಬರುತ್ತಾರೆ. ಸುಮ್ನೆ ಇಳಿಸಿಕೊಂಡರೆ ಆಗುವುದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಹಣ ಬರಬೇಕು. ಬಾಕಿಗಾಗಿ ರೈತರು ರಸ್ತೆಗೆ ಇಳಿಯುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ನಮ್ಮ ಹಾಳೆಯಲ್ಲಿ "ಕಟಾವಿನ ನಂತರ" ಅಂತ ಇರುವ ರೈತ ಇನ್ನೂ ಕೈ ಬರಿದು ಮಾಡಿಕೊಂಡೇ ಕೂತಿರಬಹುದು. ಹಾಗಾದರೆ ಆಲೆಮನೆಗೆ ಕೊಟ್ಟವರನ್ನೂ ಕಾರ್ಖಾನೆಗೆ ಕೊಟ್ಟವರನ್ನೂ ಹೋಲಿಸೋಣ, ಆಲೆಮನೆಯಲ್ಲಿ ದುಡ್ಡು ಬೇಗ ಸಿಗುತ್ತದಲ್ಲ ಅನ್ನುತ್ತಾರೆ. ಅದು ಇನ್ನೂ ತಪ್ಪು. ಮಗಳ ಮದುವೆಯೋ ಆಸ್ಪತ್ರೆಯೋ ಅಂತ ದುಡ್ಡು ತುರ್ತಾಗಿ ಬೇಕಾದವರೇ ಆಲೆಮನೆಗೆ ಹೋಗಿರಬಹುದು. ಆಗ ಎರಡು ಗುಂಪಿನ ವ್ಯತ್ಯಾಸ ದುಡ್ಡಿನದ್ದಾ, ಕಷ್ಟದ್ದಾ ಅಂತ ಗೊತ್ತಾಗುವುದಿಲ್ಲ.

ಅದಕ್ಕೇ ಕಟಾವಿನ ತಾರೀಖು ಕೇಳಿ ನಿಲ್ಲಿಸಬೇಡಿ ಅಂತ ಅವರಿಗೆ ಹೇಳುತ್ತೇನೆ. ಪಾಸ್‌ಬುಕ್ ತರಿಸಿ, ದುಡ್ಡು ಯಾವತ್ತು ಜಮೆ ಆಯಿತು ನೋಡಿ. ಅದರಲ್ಲಿ ಬೆಳೆಸಾಲಕ್ಕೆ ಎಷ್ಟು ಹಿಡಿದುಕೊಂಡರು, ಕೈಗೆ ಎಷ್ಟು ಉಳಿಯಿತು ಕೇಳಿ. ಪರೀಕ್ಷೆಯ ಹಾಳೆ ಅದಾದ ಮೇಲೆ ಹಂಚಿ.